ಮೇಷ್ಟ್ರ ಮಗನ ಫೀಸು ಕಟ್ಟೋರು ಯಾರು?

ಸೆಪ್ಟೆಂಬರ್ 5 ಬಂತು ಅಂದ್ರೆ ಶಾಲೆಯಲ್ಲಿ ಒಂದು ಪುಟ್ಟ ಕಾಗದದ ಧ್ವಜ ಕೊಡ್ತಾ ಇದ್ರು, ನೆನಪಿದೆಯಾ? ಚಿಲ್ಲರೆ ಕಾಸು ಕೊಟ್ಟು ತಗೊಂಡು, ಅಂಗಿ ಜೇಬಿಗೆ ಗುಂಡುಪಿನ್ನು ಚುಚ್ಚಿ ಸಿಕ್ಕಿಸಿಕೊಳ್ಳುತ್ತಿದ್ದೆವು. ಸಂಜೆ ಮನೆಗೆ ಹೋಗೋ ಹೊತ್ತಿಗೆ ಅದು ದಾರಿಯಲ್ಲೆಲ್ಲೋ ಬಿದ್ದಿರುತ್ತಿತ್ತು. ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನಾವೂ ಕೇಳಲಿಲ್ಲ, ಮನೆಯವರೂ ಕೇಳಲಿಲ್ಲ. ಅದು ಹೋಗುತ್ತಿದ್ದದ್ದು ಶಿಕ್ಷಕರ ಕಲ್ಯಾಣ ನಿಧಿಗೆ. ಕಾಯಿಲೆ ಬಿದ್ದ ಮೇಷ್ಟ್ರಿಗೆ, ಅಕಾಲದಲ್ಲಿ ತೀರಿಕೊಂಡ ಮೇಷ್ಟ್ರ ಮನೆಯವರಿಗೆ, ಆಮೇಲೆ ಎಂಜಿನಿಯರಿಂಗೋ ಮೆಡಿಕಲ್ಲೋ ಓದುವ ಮೇಷ್ಟ್ರ ಮಕ್ಕಳಿಗೆ ಅದರಿಂದ ಒಂದಷ್ಟು ನೆರವು. ಪಿಯುಸಿ, ಡಿಗ್ರಿ ಫೀಸಿನ ರಸೀದಿ ಹಳೇ ಫೈಲಿನಲ್ಲಿ ಸಿಕ್ಕರೆ ತೆಗೆದು ನೋಡಿ. ಲ್ಯಾಬೋರೇಟರಿ, ಲೈಬ್ರರಿ, ಕ್ರೀಡೆ ಅಂತ ಸಾಲು ಸಾಲು ಬರೆದ ಕೆಳಗೆ ಶಿಕ್ಷಕರ ಕಲ್ಯಾಣ ನಿಧಿ ಅಂತಲೂ ಒಂದು ಸಣ್ಣ ಮೊತ್ತ ಇರುತ್ತೆ.

ಅಂದ್ರೆ ಏನಾಯ್ತು? ಮೇಷ್ಟ್ರ ಮಗಳ ಕಾಲೇಜು ಫೀಸಿಗೆ ಮೇಷ್ಟ್ರ ಶಿಷ್ಯರು ಚಂದಾ ಎತ್ತಿ ಕೊಡಬೇಕಾಯ್ತು. ಇದು ಕೇಳೋಕೆ ಬಹಳ ಚೆನ್ನಾಗಿದೆ, ಗುರುದಕ್ಷಿಣೆ ಅಂತ ಭಾಷಣ ಮಾಡೋಕೂ ಬರುತ್ತೆ. ಆದರೆ ಸಂಬಳ ಕೊಡೋ ಸರ್ಕಾರ ಒಂದು ಇತ್ತಲ್ಲ, ಅದು ಏನು ಮಾಡ್ತಾ ಇತ್ತು? ಅದನ್ನ ತಿಳಿಯೋಕೆ ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

1952. ದೇಶ ಸ್ವತಂತ್ರವಾಗಿ ಐದು ವರ್ಷ. ಕೇಂದ್ರ ಸರ್ಕಾರ ಹೈಸ್ಕೂಲು ಶಿಕ್ಷಣ ಸುಧಾರಿಸೋಕೆ ಒಂದು ಆಯೋಗ ಮಾಡಿತು. ಅಧ್ಯಕ್ಷರು ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್. (ನಮಗೂ ಇವರಿಗೂ ಒಂದು ನಂಟಿದೆ. ಮೈಸೂರಿನ ಕೊನೆಯ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಇವರ ಅವಳಿ ಸಹೋದರ.) ಮರುವರ್ಷ, 1953ರಲ್ಲಿ, ವರದಿ ಬಂತು. ಅದರಲ್ಲಿ ಶಿಕ್ಷಕರ ಸ್ಥಿತಿಗತಿ ಬಗ್ಗೆಯೇ ಒಂದು ದೊಡ್ಡ ಅಧ್ಯಾಯ ಇದೆ. ಓದಿದರೆ ಆ ಕಾಲದ ಮೇಷ್ಟ್ರ ಮನೆ ಕಣ್ಣ ಮುಂದೆ ಬರುತ್ತೆ. ಸಹಕಾರ ಸಂಘ ಮಾಡಿಯಾದರೂ ಇವರಿಗೆ ಮನೆ ಕಟ್ಟಿಕೊಡಿ. ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಕೊಡಿ. ಪಿಂಚಣಿ, ಭವಿಷ್ಯ ನಿಧಿ, ವಿಮೆ ಮೂರೂ ಸೇರಿಸಿ ಕೊಡಿ. ಮನೆಪಾಠ ಮಾಡೋದನ್ನ ನಿಲ್ಲಿಸಿ. ಹಾಗೇ ಇನ್ನೊಂದು: ಶಿಕ್ಷಕರ ಮಕ್ಕಳಿಗೆ ಶಾಲಾ ಹಂತ ಮುಗಿಯುವ ತನಕ ಫೀಸಿಲ್ಲದೆ ಓದಿಸಿ.

ಮನೆಪಾಠ ನಿಲ್ಲಿಸಿ ಅನ್ನೋದನ್ನೂ ಮಕ್ಕಳ ಫೀಸು ಬಿಡಿ ಅನ್ನೋದನ್ನೂ ಒಟ್ಟಿಗೆ ಇಟ್ಟು ನೋಡಿ. ಆಯೋಗಕ್ಕೆ ಲೆಕ್ಕ ಗೊತ್ತಿತ್ತು. ಬೆಳಗ್ಗೆ ಶಾಲೆ, ಸಂಜೆ ಸಾಹುಕಾರರ ಮನೆ ಹುಡುಗರಿಗೆ ಪಾಠ, ಹೀಗೆ ಸಂಸಾರ ತೂಗಿಸುತ್ತಿದ್ದ ಮನುಷ್ಯನಿಗೆ ಆ ಮೇಲುಸಂಪಾದನೆ ಬಿಡು ಅಂತ ಹೇಳಬೇಕಾದರೆ ಬದಲಿಗೆ ಏನಾದರೂ ಕೊಡಲೇಬೇಕು. ಆಗ ಹೈಸ್ಕೂಲಿಗೂ ಫೀಸಿತ್ತು ಅನ್ನೋದು ಈಗಿನವರಿಗೆ ಗೊತ್ತೇ ಇಲ್ಲ. ಮೂರು ಮಕ್ಕಳು ಹೈಸ್ಕೂಲಿನಲ್ಲಿದ್ದರೆ ಮೇಷ್ಟ್ರ ಸಂಬಳದ ಒಂದು ಪಾಲು ವಾಪಸ್ ಶಾಲೆಗೇ ಹೋಗುತ್ತಿತ್ತು. ಅದಕ್ಕೇ ನಾನು ಹೇಳೋದು, ಈ ವಿನಾಯಿತಿ ಹುಟ್ಟಿದ್ದು ಸನ್ಮಾನವಾಗಿ ಅಲ್ಲ. ಸಾಲದ ಸಂಬಳಕ್ಕೆ ಹಾಕಿದ ತೇಪೆ ಅದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಶಿಫಾರಸಿನಲ್ಲಿ 'ಶಾಲಾ ಹಂತ' ಅಂತ ಒಂದು ಗೆರೆ ಇದೆ. ಆಯೋಗದ ಕೆಲಸವೇ ಹೈಸ್ಕೂಲಿಗೆ ಸೀಮಿತವಾಗಿದ್ದರಿಂದ ಅವರು ಅಲ್ಲಿಗೆ ನಿಲ್ಲಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಗೆರೆ ಅಲ್ಲೇ ಉಳಿದುಬಿಡ್ತು. ಎಸ್ಸೆಸ್ಸೆಲ್ಸಿ ತನಕ ಮೇಷ್ಟ್ರ ಮಗನನ್ನ ಸರ್ಕಾರ ನೋಡಿಕೊಳ್ಳಬೇಕು ಅನ್ನೋ ಮಾತು ಬಂತು. ಆಮೇಲೆ? ಆಮೇಲೆ ಅವನ ಹಣೆಬರಹ.

ಕಾಲೇಜಿನ ವಿಷಯಕ್ಕೆ ಸರ್ಕಾರ ಕೈ ಹಾಕಿದ್ದು ಮೂರನೇ ಪಂಚವಾರ್ಷಿಕ ಯೋಜನೆಯಲ್ಲಿ. 1961-62ರಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನದ ಜೊತೆಜೊತೆಗೇ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಕರ ಮಕ್ಕಳಿಗೆ ಅಂತಲೇ ಪ್ರತ್ಯೇಕ ಮೆರಿಟ್ ಸ್ಕಾಲರ್‌ಶಿಪ್ ಬಂತು. ಮೆಟ್ರಿಕ್ ನಂತರದ ಓದಿಗೆ. ಇಡೀ ದೇಶಕ್ಕೆ ವರ್ಷಕ್ಕೆ ಎಷ್ಟು ಗೊತ್ತಾ? 500. ನಾನು ಎಂಜಿನಿಯರಿಂಗ್ ಓದಿ ಬಂದವನು, ಭಾಗಾಕಾರ ಮಾಡದೆ ಇರೋಕೆ ಆಗಲ್ಲ. 1960-61ರ ಹೊತ್ತಿಗೆ ಪ್ರೈಮರಿ, ಮಿಡ್ಲ್ ಸ್ಕೂಲು, ಹೈಸ್ಕೂಲು ಎಲ್ಲ ಸೇರಿ ದೇಶದಲ್ಲಿ ಸುಮಾರು ಹದಿಮೂರೂಮುಕ್ಕಾಲು ಲಕ್ಷ ಶಿಕ್ಷಕರಿದ್ದರು. 2,700ಕ್ಕೂ ಹೆಚ್ಚು ಮೇಷ್ಟ್ರುಗಳಿಗೆ ಒಂದು ಸ್ಕಾಲರ್‌ಶಿಪ್! ಒಂದು ತಾಲ್ಲೂಕಿನ ಮೇಷ್ಟ್ರುಗಳನ್ನೆಲ್ಲ ಒಂದು ಮೈದಾನದಲ್ಲಿ ಕೂರಿಸಿದರೂ ಅಷ್ಟು ಜನ ಆಗುತ್ತಿರಲಿಲ್ಲ.

ಮರುವರ್ಷ 1962. ರಾಧಾಕೃಷ್ಣನ್ ಮೇ ತಿಂಗಳಲ್ಲಿ ರಾಷ್ಟ್ರಪತಿಯಾದರು. ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರ ತನಕ ತತ್ತ್ವಶಾಸ್ತ್ರ ಪಾಠ ಮಾಡಿದವರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ ತನಕ ಎಳೆದುಕೊಂಡು ಹೋದ ಕಥೆ ಪ್ರತಿ ಸೆಪ್ಟೆಂಬರಿನಲ್ಲೂ ಎಲ್ಲ ಚಾನೆಲ್‌ಗಳೂ ಹೇಳುತ್ತವೆ, ನಾನೂ ಹೇಳಿದ್ದೇನೆ. ಹೇಳದೆ ಬಿಡೋ ಇನ್ನೊಂದು ಕಥೆ ಇದೆ. ಅವರು ಸ್ಕಾಲರ್‌ಶಿಪ್ ಮೇಲೆಯೇ ಓದಿದವರು. ತತ್ತ್ವಶಾಸ್ತ್ರ ತಗೊಂಡಿದ್ದಕ್ಕೆ ಒಂದು ಕಾರಣ, ಅದೇ ಕಾಲೇಜಿನಲ್ಲಿ ಓದಿ ಮುಗಿಸಿದ್ದ ಸಂಬಂಧಿಯೊಬ್ಬರು ತಮ್ಮ ಹಳೇ ಪುಸ್ತಕಗಳನ್ನು ಕೊಟ್ಟರು ಅನ್ನೋದು. ಪುಸ್ತಕ ಪುಕ್ಕಟೆ ಸಿಕ್ಕಿದ ವಿಷಯವನ್ನೇ ಓದಿದ ಹುಡುಗ! ಅವರ ಹುಟ್ಟುಹಬ್ಬವೇ ಶಿಕ್ಷಕರ ದಿನಾಚರಣೆ ಆಯ್ತು, ಅದೇ 1962ರಲ್ಲಿ ಶಿಕ್ಷಕರ ಕಲ್ಯಾಣಕ್ಕಾಗಿ ರಾಷ್ಟ್ರೀಯ ಪ್ರತಿಷ್ಠಾನವೂ ಹುಟ್ಟಿತು. ಯಾವ ಕಾನೂನಿನ ಕೆಳಗೆ? 1890ರ ಧರ್ಮದತ್ತಿ ಕಾಯ್ದೆ. ಬ್ರಿಟಿಷರ ಕಾಲದ್ದು. ದಾನದ ದುಡ್ಡು ನೋಡಿಕೊಳ್ಳೋಕೆ ಮಾಡಿದ್ದು. ಮೇಷ್ಟ್ರ ಮಕ್ಕಳ ಕಾಲೇಜಿನ ಖರ್ಚು ಬಜೆಟ್ಟಿನ ಪುಸ್ತಕದಲ್ಲಿ ಒಂದು ಹಕ್ಕಾಗಿ ಕೂರೋ ಬದಲು ಧರ್ಮದ ಖಾತೆಗೆ ಬಂತು. ಧ್ವಜ ಮಾರಿ ದುಡ್ಡು ಎತ್ತೋ ಪದ್ಧತಿ ಬಂದದ್ದು ಈ ದಾರಿಯಲ್ಲಿ. ಕರ್ನಾಟಕದಲ್ಲಿ ಆ ನಿಧಿಯಿಂದ ಒಳ್ಳೆ ಕೆಲಸಗಳೂ ಆಗಿವೆ, ಇಲ್ಲ ಅನ್ನಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಶಿಕ್ಷಕರ ಸದನ ಇದೆ, ಎಷ್ಟೋ ತಾಲ್ಲೂಕುಗಳಲ್ಲಿ ಗುರುಭವನಗಳಿವೆ. ಕಟ್ಟಡ ಕಣ್ಣಿಗೆ ಕಾಣುತ್ತೆ, ಉದ್ಘಾಟನೆಗೆ ಕಲ್ಲು ಹಾಕಬಹುದು. ಒಬ್ಬ ಹುಡುಗಿಯ ನಾಲ್ಕು ವರ್ಷದ ಹಾಸ್ಟೆಲ್ ಬಿಲ್ಲಿಗೆ ಕಲ್ಲು ಹಾಕೋಕೆ ಆಗುತ್ತಾ?

ಆ ಕಾಲದಲ್ಲೇ ನಮ್ಮ ಮೈಸೂರಿನಲ್ಲಿ ಒಂದು ಮನೆ. ತಂದೆ ಹೈಸ್ಕೂಲ್ ಮೇಷ್ಟ್ರು, ಎಂಟು ಜನ ಮಕ್ಕಳು. ಒಬ್ಬ ಹುಡುಗ ಐಐಟಿ ಪ್ರವೇಶ ಪರೀಕ್ಷೆ ಪಾಸು ಮಾಡಿದ. ಕಳಿಸೋಕೆ ಶಕ್ತಿ ಇಲ್ಲಪ್ಪ ಅಂದರು ತಂದೆ. ಹುಡುಗ ಮೈಸೂರಿನಲ್ಲೇ ಎನ್‌ಐಇ ಕಾಲೇಜು ಸೇರಿ 1967ರಲ್ಲಿ ಬಿ.ಇ. ಮುಗಿಸಿದ. ಐಐಟಿ ಮೆಟ್ಟಿಲು ಹತ್ತಿದ್ದು ಆಮೇಲೆ, ಎಂ.ಟೆಕ್‌ಗೆ, ಕಾನ್ಪುರದಲ್ಲಿ. ಎನ್.ಆರ್. ನಾರಾಯಣಮೂರ್ತಿ ಈ ಕಥೆಯನ್ನ ತಾವೇ ಎಷ್ಟೋ ಸಲ ಹೇಳಿದ್ದಾರೆ. ನಾವೆಲ್ಲ ಇದನ್ನ ಸ್ಫೂರ್ತಿಯ ಕಥೆಯಾಗಿ ಕೇಳಿ ಚಪ್ಪಾಳೆ ಹೊಡೀತೀವಿ. ನಾನು ಇದನ್ನ ಲೆಕ್ಕದ ಕಥೆಯಾಗಿ ಕೇಳ್ತೀನಿ. ಸರ್ಕಾರಿ ಸಂಸ್ಥೆಯ ಬೋಧನಾ ಶುಲ್ಕ ಅಂದು ದೊಡ್ಡದೇನೂ ಇರಲಿಲ್ಲ. ಕೊಲ್ಲುತ್ತಿದ್ದದ್ದು ಊರು ಬಿಟ್ಟು ಊರಿಗೆ ಹೋಗೋ ಖರ್ಚು. ರೈಲು, ಹಾಸ್ಟೆಲ್ಲು, ಮೆಸ್ಸು, ಪುಸ್ತಕ. ಫೀಸು ಮನ್ನಾ ಅನ್ನೋ ಎರಡು ಪದದಲ್ಲಿ ಇದ್ಯಾವುದೂ ಬರಲ್ಲ. ಮನೆಯಲ್ಲಿ ಮುದ್ದೆ ಉಂಡು ನಡೆದುಕೊಂಡು ಹೋಗೋ ದೂರದಲ್ಲಿ ಕಾಲೇಜಿದ್ದರೆ ಮೇಷ್ಟ್ರ ಮಗ ಎಂಜಿನಿಯರ್. ಇಲ್ಲದಿದ್ದರೆ? ಮೈಸೂರಿನಲ್ಲಿ ಕಾಲೇಜಿತ್ತು. ಅದೇ ಹೊತ್ತಿಗೆ ಪಾವಗಡದಲ್ಲಿ, ಸುರಪುರದಲ್ಲಿ, ಹಡಗಲಿಯಲ್ಲಿ ಪಾಠ ಮಾಡುತ್ತಿದ್ದವರ ಮಕ್ಕಳಿಗೆ ನಡೆದು ಹೋಗೋ ದೂರದಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನ ಅಪ್ಪನ ಹಾಗೇ ಟಿ.ಸಿ.ಎಚ್. ಮಾಡಿ ಮೇಷ್ಟ್ರಾದರು. ಅದನ್ನ ವಂಶಪಾರಂಪರ್ಯ ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ.

ಇನ್ನೊಂದು ಯೋಜನೆ ಇತ್ತು, ನನಗೆ ಅದು ಬಹಳ ಇಷ್ಟ. 1963ರಲ್ಲಿ ಬಂದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ. ಇದು ಮೇಷ್ಟ್ರ ಮಕ್ಕಳಿಗೆ ಮಾತ್ರ ಅಲ್ಲ, ಎಲ್ಲ ಬಡ ಪ್ರತಿಭಾವಂತರಿಗೂ ಬಡ್ಡಿಯಿಲ್ಲದ ಸಾಲ. ಓದು ಮುಗಿಸಿ ಕೆಲಸಕ್ಕೆ ಸೇರಿ ಕಂತಿನಲ್ಲಿ ತೀರಿಸಬೇಕು. ಆದರೆ ಆ ಹುಡುಗ ಶಿಕ್ಷಕ ವೃತ್ತಿಗೆ ಸೇರಿದರೆ? ಪಾಠ ಮಾಡಿದ ಪ್ರತಿ ವರ್ಷಕ್ಕೆ ಸಾಲದ ಹತ್ತನೇ ಒಂದು ಭಾಗ ಮನ್ನಾ. ಹತ್ತು ವರ್ಷ ಪಾಠ ಮಾಡಿದರೆ ಸಾಲವೇ ಇಲ್ಲ! ಎಷ್ಟು ಸರಳ, ಎಷ್ಟು ಗೌರವಯುತ. ಇಲ್ಲಿ ಚಂದಾ ಇಲ್ಲ, ಧ್ವಜ ಇಲ್ಲ, ಕೈ ಮುಗಿದು ನಿಲ್ಲೋ ಕೆಲಸ ಇಲ್ಲ. ನೀನು ಪಾಠ ಮಾಡು, ನಿನ್ನ ಓದಿನ ಸಾಲ ನಾವು ಬಿಡ್ತೀವಿ. ಈ ಯೋಜನೆ ಇವತ್ತಿಲ್ಲ.

1966ರಲ್ಲಿ ಕೊಠಾರಿ ಆಯೋಗದ ವರದಿ ಬಂತು. ತರಬೇತಿ ಪಡೆದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ತಿಂಗಳಿಗೆ ಕನಿಷ್ಠ 125 ರೂಪಾಯಿ ಕೊಡಿ, ಐದು ವರ್ಷದಲ್ಲಿ ಅದನ್ನ 150ಕ್ಕೆ ಏರಿಸಿ ಅಂತ ಹೇಳಿತು. ಕನಿಷ್ಠ ಇಷ್ಟಾದರೂ ಕೊಡಿ ಅಂತ ದೊಡ್ಡವರು ಕೂತು ಬರೆಯಬೇಕಾಯ್ತು ಅಂದ್ರೆ, ಕೊಡುತ್ತಿದ್ದದ್ದು ಎಷ್ಟಿರಬಹುದು ಅಂತ ನೀವೇ ಊಹಿಸಿ. ಪಕ್ಕದ ಮಹಾರಾಷ್ಟ್ರ ಬೇರೆ ದಾರಿ ಹಿಡಿಯಿತು. ಅಲ್ಲಿ ಪ್ರಾಥಮಿಕ, ಮಾಧ್ಯಮಿಕ ಶಿಕ್ಷಕರ ಮಕ್ಕಳಿಗೆ ಶುಲ್ಕ ವಿನಾಯಿತಿ ಕಾಲೇಜಿನ ಬಾಗಿಲ ಒಳಕ್ಕೂ ಹೋಯ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವವರನ್ನ ಕೇಳಿದರೆ ಪಿಟಿಸಿ, ಎಸ್‌ಟಿಸಿ ಅನ್ನೋ ಹೆಸರು ತಕ್ಷಣ ಹೇಳ್ತಾರೆ.

ಈಗ ಕರ್ನಾಟಕದ ನಿಜವಾದ ನಾಟಕಕ್ಕೆ ಬರೋಣ. ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಸಾಲುಗಟ್ಟಿದ ಕಾಲ. ಕ್ಯಾಪಿಟೇಷನ್ ಅನ್ನೋ ಇಂಗ್ಲಿಷ್ ಪದ ಹಳ್ಳಿಯ ಕಟ್ಟೆ ಮೇಲೂ ಕೇಳಿಸೋಕೆ ಶುರುವಾಗಿತ್ತು. 1984ರಲ್ಲಿ ಅದನ್ನ ನಿಷೇಧಿಸೋ ಕಾನೂನು ನಮ್ಮಲ್ಲಿ ಬಂತು. 1989ರ ಜೂನ್ 5ರಂದು ಸರ್ಕಾರವೇ ಒಂದು ಅಧಿಸೂಚನೆ ಹೊರಡಿಸಿ ಖಾಸಗಿ ಮೆಡಿಕಲ್ ಕಾಲೇಜುಗಳ ದರ ಬರೆದಿಟ್ಟಿತು. ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರಗಿನವರಿಗೆ 60,000. ನಿಮ್ಮ ಮನೆಯಲ್ಲಿ ಆ ಕಾಲದ ಮೇಷ್ಟ್ರು ಯಾರಾದರೂ ಇದ್ದರೆ ಈ ಪುಸ್ತಕ ಒಂದು ನಿಮಿಷ ಕೆಳಗಿಟ್ಟು ಹೋಗಿ ಕೇಳಿ, 1989ರಲ್ಲಿ ನಿಮ್ಮ ಸಂಬಳ ಎಷ್ಟಿತ್ತು ಅಂತ. ಹನ್ನೆರಡರಿಂದ ಗುಣಿಸಿ. 25,000ದ ಪಕ್ಕ ಇಟ್ಟು ನೋಡಿ.

ಉತ್ತರ ಪ್ರದೇಶದ ಮೀರತ್‌ನಿಂದ ತುಮಕೂರಿನ ಸಿದ್ಧಾರ್ಥ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ ಮೋಹಿನಿ ಜೈನ್, ಅರವತ್ತು ಸಾವಿರ ಕಟ್ಟೋಕೆ ಆಗದೆ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಬಂತು. ಕ್ಯಾಪಿಟೇಷನ್ ತಪ್ಪು, ಶಿಕ್ಷಣ ಬದುಕುವ ಹಕ್ಕಿನ ಭಾಗ ಅಂತ ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಕೇಸು. ಅದರಿಂದ ಬಂದದ್ದೇ ನಮ್ಮೆಲ್ಲರ ಬಾಯಲ್ಲಿ ಓಡಾಡಿದ ಫ್ರೀ ಸೀಟು, ಪೇಮೆಂಟ್ ಸೀಟು. ಅರ್ಧ ಸೀಟು ಮೆರಿಟ್‌ಗೆ, ಸರ್ಕಾರಿ ದರದಲ್ಲಿ. ಇನ್ನರ್ಧ ಹೆಚ್ಚು ದರಕ್ಕೆ. 1994ರಿಂದ ಸಿಇಟಿ.

ಮೇಷ್ಟ್ರ ಮಕ್ಕಳಿಗೆ ಅಂತ ಹೆಸರಿಟ್ಟು ಮಾಡಿದ ಯಾವ ಯೋಜನೆಯೂ ಮಾಡದ ಉಪಕಾರವನ್ನ ಈ ಸಿಇಟಿ ಮಾಡಿತು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂದ್ರೆ ಮೇಷ್ಟ್ರ ಮನೆಯಲ್ಲಿ ದುಡ್ಡು ಇಲ್ಲದಿದ್ದರೂ ಎರಡು ವಸ್ತು ಇರುತ್ತೆ. ಒಂದು ಪುಸ್ತಕ, ಇನ್ನೊಂದು ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸೋ ಅಪ್ಪ. ರ್‍ಯಾಂಕ್ ಒಂದೇ ಕೇಳೋ ವ್ಯವಸ್ಥೆಯಲ್ಲಿ ಈ ಎರಡಕ್ಕೂ ಬೆಲೆ ಬಂತು. ನಾನೂ ಸಿಇಟಿ ಬರೆದು ಸೀಟು ತಗೊಂಡವನೇ. ನನ್ನ ಕ್ಲಾಸಿನಲ್ಲಿ 'ಅಪ್ಪ ಏನು ಮಾಡ್ತಾರೆ' ಅಂತ ಕೇಳಿದರೆ 'ಟೀಚರ್' ಅನ್ನೋ ಉತ್ತರ ಎಷ್ಟು ಸಲ ಬರುತ್ತಿತ್ತು ಅಂದ್ರೆ, ಆಮೇಲಾಮೇಲೆ 'ಯಾವ ಸಬ್ಜೆಕ್ಟು' ಅಂತಲೇ ಕೇಳೋಕೆ ಶುರು ಮಾಡಿದ್ವಿ.

2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಸೂತ್ರವನ್ನ ಬದಿಗಿಟ್ಟಿತು. 2005ರಲ್ಲಿ ಇನಾಮ್‌ದಾರ್ ಕೇಸು. ಅಲ್ಲಿಂದ ಶುರುವಾಯ್ತು ಪ್ರತಿ ವರ್ಷ ಸರ್ಕಾರ ಮತ್ತು ಕಾಲೇಜುಗಳ ಹಗ್ಗಜಗ್ಗಾಟ. ಎಷ್ಟು ಸೀಟು, ಎಷ್ಟು ಫೀಸು. ಜೂನ್ ಬಂತು ಅಂದ್ರೆ ನಮ್ಮ ಸ್ಟುಡಿಯೋಗಳಿಗೂ ಸುಗ್ಗಿ. ಈ ನಡುವೆ, 2001ರಲ್ಲಿ, ಬ್ಯಾಂಕುಗಳ ಶೈಕ್ಷಣಿಕ ಸಾಲದ ಮಾದರಿ ಯೋಜನೆ ಬಂದಿತ್ತು. 4 ಲಕ್ಷದ ತನಕ ಅಡಮಾನ ಬೇಡ, ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಬೇಕು. ಕಾಯಂ ಸಂಬಳದ ಮೇಷ್ಟ್ರ ಸಹಿ ಕಂಡರೆ ಬ್ಯಾಂಕಿನವರಿಗೂ ಖುಷಿ. 1963ರ ಸಾಲದ ಪಕ್ಕ ಇದನ್ನಿಟ್ಟು ನೋಡಿ. ಅಲ್ಲಿ ಬಡ್ಡಿ ಇಲ್ಲ, ಪಾಠ ಮಾಡಿದರೆ ಮನ್ನಾ. ಇಲ್ಲಿ ಬಡ್ಡಿ ಇದೆ, ಪಾಠ ಮಾಡುವ ಅಪ್ಪನೇ ಜಾಮೀನು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತೆ. ಮೇಷ್ಟ್ರ ಮಕ್ಕಳಿಗೆ ಯಾಕೆ ವಿಶೇಷ? ಪೊಲೀಸ್ ಪೇದೆಯ ಮಕ್ಕಳಿಲ್ಲವಾ, ಆಟೋ ಓಡಿಸೋರ ಮಕ್ಕಳಿಲ್ಲವಾ? ನ್ಯಾಯವಾದ ಪ್ರಶ್ನೆ. 2021ರಲ್ಲಿ ಕರ್ನಾಟಕ ರೈತ ವಿದ್ಯಾನಿಧಿ ಮಾಡಿ ರೈತರ ಮಕ್ಕಳಿಗೆ ವರ್ಷಕ್ಕೆ 2,500 ರೂಪಾಯಿಯಿಂದ 11,000ದ ತನಕ ನೇರವಾಗಿ ಖಾತೆಗೆ ಹಾಕಿತು. ಆಮೇಲೆ ಅದು ನೇಕಾರರು, ಮೀನುಗಾರರು, ಆಟೋ-ಟ್ಯಾಕ್ಸಿ ಚಾಲಕರು, ಕೃಷಿ ಕಾರ್ಮಿಕರ ಮಕ್ಕಳಿಗೂ ಹೋಯ್ತು. ಕಾಯಂ ಮೇಷ್ಟ್ರಿಗೆ ಈಗ ಅಂಥ ಕಷ್ಟ ಇಲ್ಲ, ಅದನ್ನೂ ಒಪ್ಪಿಕೊಳ್ಳೋಣ. ರಾಜ್ಯದ ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 27,000. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಶಿಕ್ಷಕರಾಗಿರೋ ಮನೆಗೆ ಫೀಸಿನ ನೆರವು ಬೇಕೇ ಬೇಕು ಅಂತ ನಾನಂತೂ ವಾದ ಮಾಡಲ್ಲ.

ಮೊದಲು ಹೇಳಿದ ತೇಪೆಯ ಮಾತು ಈಗ ಬೇಕು. 1953ರಲ್ಲಿ ಮೇಷ್ಟ್ರ ಮಗುವಿಗೆ ಫೀಸು ಬಿಡಿ ಅಂದದ್ದು ಮೇಷ್ಟ್ರಿಗೆ ಸಂಬಳ ಸಾಲದು ಅಂತ. ಹಾಗಾದರೆ ಇವತ್ತು ಸಂಬಳ ಸಾಲದ ಮೇಷ್ಟ್ರು ಯಾರು? ಸರ್ಕಾರಿ ಶಾಲೆಗಳಲ್ಲೇ ಹತ್ತಾರು ಸಾವಿರ ಅತಿಥಿ ಶಿಕ್ಷಕರಿದ್ದಾರೆ. ಅದೇ ಬೋರ್ಡು, ಅದೇ ಸೀಮೆಸುಣ್ಣ, ಅದೇ ಪಾಠ. ಗೌರವಧನ ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಆಸುಪಾಸು, ಬೇಸಿಗೆ ರಜೆಗೆ ಅದೂ ಇಲ್ಲ. ಅವರಿಗೆ ಸೇವಾ ಪುಸ್ತಕ ಇಲ್ಲ, ಪಿಂಚಣಿ ಇಲ್ಲ. ನಾವು ಈವರೆಗೆ ನೋಡಿದ ಶಿಕ್ಷಕರ ಸವಲತ್ತುಗಳನ್ನೆಲ್ಲ ಕಟ್ಟಿದ್ದು ಹುದ್ದೆ ಅನ್ನೋ ಗೂಟಕ್ಕೆ. ಇವರಿಗೆ ಹುದ್ದೆಯೇ ಇಲ್ಲ. ರೈತ ವಿದ್ಯಾನಿಧಿಯ ಪಟ್ಟಿಯಲ್ಲಿ ಆಟೋ ಚಾಲಕರ ಹೆಸರಿದೆ, ಅತಿಥಿ ಶಿಕ್ಷಕರ ಹೆಸರಿಲ್ಲ. ಊರಲ್ಲಿ ಎರಡು ಎಕರೆ ಜಮೀನಿದ್ದು ರೈತ ಅಂತ ದಾಖಲೆ ಇದ್ದರೆ ಬಚಾವ್. ಮೇಷ್ಟ್ರು ಅನ್ನೋ ಲೆಕ್ಕದಲ್ಲಿ ಏನೂ ಇಲ್ಲ.

ಖಾಸಗಿ ಶಾಲೆಯ ಟೀಚರ್‌ಗಳ ಕಥೆ ಇನ್ನೂ ಸೂಕ್ಷ್ಮ. 'ಸಂಬಳ ಇಷ್ಟೇ ಮೇಡಂ, ಆದರೆ ನಿಮ್ಮ ಮಗುವಿಗೆ ನಮ್ಮ ಶಾಲೆಯಲ್ಲೇ ಫೀಸಿಲ್ಲ' ಅಂತ ಹೇಳಿ ಕೆಲಸಕ್ಕೆ ತಗೊಳ್ಳೋ ಶಾಲೆಗಳು ನಿಮ್ಮ ಬಡಾವಣೆಯಲ್ಲೂ ಇವೆ. ಹೊರಗಿನಿಂದ ನೋಡಿದರೆ ಮೊದಲಿಯಾರ್ ಆಯೋಗದ ಶಿಫಾರಸು ಜಾರಿಯಾದ ಹಾಗೇ ಕಾಣುತ್ತೆ. ಒಳಗೆ ಬೇರೆ ಲೆಕ್ಕ. ಬೇರೆ ಶಾಲೆಯಲ್ಲಿ ಎರಡು ಸಾವಿರ ಹೆಚ್ಚು ಕೊಡ್ತೀವಿ ಅಂದ್ರೂ ಆಕೆ ಹೋಗೋ ಹಾಗಿಲ್ಲ. ಹೋದರೆ ಮಗುವಿನ ಫೀಸು ಕಟ್ಟಬೇಕು. ಸಂಬಳ ಏರಿಸಿ ಅಂತ ಕೇಳೋ ಹಾಗೂ ಇಲ್ಲ. ಹತ್ತು ವರ್ಷ ಹೀಗೆ ಕಟ್ಟಿಹಾಕಿಸಿಕೊಂಡ ಮೇಲೆ ಮಗು ಎಸ್ಸೆಸ್ಸೆಲ್ಸಿ ಮುಗಿಸುತ್ತೆ. ವಿನಾಯಿತಿ ಅಲ್ಲಿಗೆ ಮುಗಿಯಿತು. ನೋಡಿ, ಅದೇ ಗೆರೆ, 1953ರ ಗೆರೆ, ಇಂಚು ಆಚೆ ಈಚೆ ಆಗಿಲ್ಲ. ಆಕೆಯ ಸಂಬಳ ಮಾತ್ರ ಹತ್ತು ವರ್ಷ ಕಡಿಮೆಯಲ್ಲೇ ಉಳಿದಿದೆ, ಕಾಲೇಜಿಗೆ ಕೂಡಿಟ್ಟ ದುಡ್ಡಿಲ್ಲ.

ಸಿಇಟಿಯಲ್ಲಿ ಒಳ್ಳೆ ರ್‍ಯಾಂಕ್ ಬಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟೇ ಸಿಕ್ಕಿತು ಅಂತಿಟ್ಟುಕೊಳ್ಳಿ, ಅದರ ವಾರ್ಷಿಕ ಶುಲ್ಕ ಈಗ ಮುಕ್ಕಾಲು ಲಕ್ಷ ದಾಟಿದೆ. ತಿಂಗಳಿಗೆ ಹನ್ನೆರಡು ಸಾವಿರದಂತೆ ಹತ್ತು ತಿಂಗಳು ಅಂದ್ರೆ ಅತಿಥಿ ಶಿಕ್ಷಕರ ವರ್ಷದ ಆದಾಯ 1,20,000. ಉಳಿಯೋದು ನಲವತ್ತೈದು ಸಾವಿರಕ್ಕಿಂತ ಕಡಿಮೆ. ಅದರಲ್ಲಿ ಇಡೀ ವರ್ಷ ಮನೆ ನಡೀಬೇಕು, ಹಾಸ್ಟೆಲ್ಲೂ ಸೇರಿ. ಬ್ಯಾಂಕಿಗೆ ಸಾಲ ಕೇಳೋಕೆ ಹೋದರೆ ಸಂಬಳದ ಚೀಟಿ ಕೇಳ್ತಾರೆ. ಮಗಳು ಕೆಇಎ ವೆಬ್‌ಸೈಟ್ ತೆರೆದು ಕಾಲೇಜುಗಳ ಆಪ್ಷನ್ ಎಂಟ್ರಿ ಮಾಡುವ ಮಳೆಗಾಲದ ಅದೇ ದಿನಗಳಲ್ಲಿ ಅಪ್ಪ ಬಿಇಒ ಕಚೇರಿ ಮುಂದೆ ನಿಂತು, ಈ ವರ್ಷ ತನಗೆ ಯಾವ ಶಾಲೆ, ಅಸಲಿಗೆ ಶಾಲೆ ಇದೆಯೋ ಇಲ್ಲವೋ ಅಂತ ಕೇಳುತ್ತಿರುತ್ತಾನೆ.